ನಿಮ್ಮ ಲೇಖನ ಆ ಕ್ರ್ಯಾಶ್‌ನಿಂದಲೇ ಶುರುವಾಗಲಿ

ನಮಸ್ಕಾರ,

ಸಿ++ ಕೋಡನ್ನು ಪೈಥಾನ್‌ಗೆ ಜೋಡಿಸುವಾಗ ಮಲ್ಟಿಪಲ್ ಇನ್‌ಹೆರಿಟೆನ್ಸ್ (ಒಂದು ಕ್ಲಾಸ್ ಹಲವು ಬೇಸ್ ಕ್ಲಾಸ್‌ಗಳಿಂದ ಗುಣಗಳನ್ನು ಪಡೆಯುವುದು) ಬಳಸುವುದು ಹೇಗೆ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ಓದಲೇಬೇಕಾದ ಲೇಖನವೊಂದು ನಿಮ್ಮ ಕೊನೆಯ ಪುಟದಲ್ಲಿದೆ.

ಮೊದಲ ಅರ್ಧದಲ್ಲಿ ಇನ್‌ಹೆರಿಟೆನ್ಸ್ ಅಂದರೇನು, ಡೈಮಂಡ್ ಸಮಸ್ಯೆ (ಎರಡೂ ಬೇಸ್‌ಗಳ ಮೇಲೆ ಒಂದೇ ಕ್ಲಾಸ್ ಇದ್ದಾಗ ಬರುವ ಗೊಂದಲ) ಅಂದರೇನು ಎಂದು ವಿವರಿಸಿದ್ದೀರಿ. ಎರಡು ಭಾಷೆಗಳನ್ನು ಜೋಡಿಸಲು ಹೊರಟವರಿಗೆ ಇದೆಲ್ಲ ಗೊತ್ತಿರುತ್ತದೆ ಅಲ್ವಾ? ತೆಗೆದುಬಿಡಿ. ಎರಡನೇ ಬೇಸ್ ಕ್ಲಾಸ್‌ನ ಫಂಕ್ಷನ್ ಕರೆದಾಗ ಪ್ರೋಗ್ರಾಂ ಕ್ರ್ಯಾಶ್ ಆಯಿತು, ಬೇಸ್‌ಗಳ ಕ್ರಮ ಬದಲಿಸಿದ ಮೇಲೆ ಸರಿಹೋಯಿತು ಎಂದು ಕೊನೆಗೆ ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಬೇಕಾಗಿರುವುದು ಅದೇ. ಯಾಕೆ ಕ್ರ್ಯಾಶ್ ಆಯಿತು ಎಂದು ಹೇಳಲೇ ಇಲ್ಲವಲ್ಲ!

ಡಿ ಎಂಬ ಕ್ಲಾಸ್‌ಗೆ ಎ ಮತ್ತು ಬಿ ಎರಡೂ ಬೇಸ್ ಎಂದುಕೊಳ್ಳಿ. ಸಾಮಾನ್ಯವಾಗಿ ಮೆಮೊರಿಯಲ್ಲಿ ಎ ಭಾಗ ಮೊದಲು, ಬಿ ಭಾಗ ಅದರ ನಂತರ. ಡಿ ಪಾಯಿಂಟರನ್ನು (ಡಿ ಇರುವ ಮೆಮೊರಿ ವಿಳಾಸವನ್ನು) ಬಿ ಪಾಯಿಂಟರ್ ಮಾಡಿದಾಗ ಕಂಪೈಲರ್ ವಿಳಾಸವನ್ನು ಎ ಭಾಗದಷ್ಟು ಬೈಟ್ ಮುಂದಕ್ಕೆ ಸರಿಸುತ್ತದೆ. ನಿಮ್ಮ ಕೋಡ್ ಭಾಷೆಯ ಗಡಿ ದಾಟುವಾಗ ಡಿ ಪಾಯಿಂಟರನ್ನು ವಾಯ್ಡ್ ಪಾಯಿಂಟರ್ (ಟೈಪ್ ಹೇಳದ ಬರೀ ವಿಳಾಸ) ಮಾಡಿ, ಆ ಕಡೆ ನೇರವಾಗಿ ಬಿ ಎಂದು ಓದುತ್ತದೆ. ಅಲ್ಲಿ ಕಂಪೈಲರ್‌ಗೆ ಹಳೆಯ ಟೈಪ್ ಗೊತ್ತಿಲ್ಲ, ವಿಳಾಸ ಸರಿಯುವುದಿಲ್ಲ. ಬಿ ಫಂಕ್ಷನ್ ಎ ಭಾಗದ ಮೇಲೆ ಕೆಲಸ ಮಾಡುತ್ತದೆ. ಎಚ್ಚರಿಕೆಯೂ ಬರುವುದಿಲ್ಲ. ನೀವು ಕ್ರಮ ಬದಲಿಸಿದಾಗ ತಪ್ಪು ಹೋಗಲಿಲ್ಲ, ಎ ಕಡೆಗೆ ದಾಟಿತು ಅಷ್ಟೇ. ಎ ಫಂಕ್ಷನ್ ಯಾರೂ ಕರೆಯದ್ದರಿಂದ ಸುಮ್ನೆ ಕೂತಿದೆ. ಮೊದಲು ಡಿ ಪಾಯಿಂಟರ್‌ಗೆ ಹಿಂತಿರುಗಿಸಿ, ಅಲ್ಲಿಂದ ಬಿ ಮಾಡುವುದೇ ಪರಿಹಾರ. ವಿಳಾಸಗಳನ್ನು ಪ್ರಿಂಟ್ ಮಾಡಿ ಓದುಗರಿಗೆ ತೋರಿಸಿ. ಅದಕ್ಕಿಂತ ಒಳ್ಳೆಯ ಚಿತ್ರ ಬೇಕಿಲ್ಲ.

ತಪ್ಪುಗಳೂ ಇವೆ. ಪೈಥಾನ್ ಎಡಗಡೆಯ ಬೇಸ್‌ನ ತುದಿಯವರೆಗೂ ಹೋಗಿ ಆಮೇಲೆ ಬಲಗಡೆ ಫಂಕ್ಷನ್ ಹುಡುಕುತ್ತದೆ ಎಂದು ಬರೆದಿದ್ದೀರಿ. ಅದು ಪೈಥಾನ್ 2ರ ಹಳೆಯ ಶೈಲಿಯ ಕ್ಲಾಸ್‌ಗಳ ಮಾತು. 2003ರಲ್ಲಿ ಬಂದ ಪೈಥಾನ್ 2.3ರಿಂದ ಹೊಸ ಶೈಲಿಯ ಕ್ಲಾಸ್‌ಗಳು ಸಿ3 ಎಂಬ ಹುಡುಕಾಟದ ಕ್ರಮ ಅನುಸರಿಸುತ್ತವೆ. ಡೈಮಂಡ್‌ನಲ್ಲಿ ಮೇಲಿನ ಕ್ಲಾಸ್‌ನ ಸರದಿ ಕೊನೆಗೆ. ಜಾವಾಗೆ ಇಂಥ ಕ್ಲಾಸ್‌ಗಳನ್ನು ಜೋಡಿಸಲು ಸಾಧ್ಯವೇ ಇಲ್ಲ ಎಂಬ ಸಾಲೂ ಸರಿಯಲ್ಲ. ಸಿ++ ಕೋಡನ್ನು ಬೇರೆ ಭಾಷೆಗಳಿಗೆ ಜೋಡಿಸುವ ಸ್ವಿಗ್ ಎಂಬ ಉಪಕರಣ ಮಾಮೂಲಾಗಿ ಮೊದಲ ಬೇಸ್ ಉಳಿಸಿಕೊಂಡು ಉಳಿದದ್ದನ್ನು ಎಚ್ಚರಿಕೆ ಕೊಟ್ಟು ಬಿಡುತ್ತದೆ. ಬೇಕಿದ್ದರೆ ಆ ಬೇಸ್‌ಗಳನ್ನು ಜಾವಾ ಇಂಟರ್‌ಫೇಸ್ ಮಾಡಿಸಬಹುದು.

ಸಿ++ ಮತ್ತು ಪೈಥಾನ್ ಜೋಡಿಸುವ ಪೈಬೈಂಡ್11 ಲೈಬ್ರರಿ ಬಗ್ಗೆ ಜಾಸ್ತಿ ಬರೆಯಿರಿ. ಬೇಸ್‌ಗಳನ್ನೆಲ್ಲ ಹೆಸರಿಸಿದರೆ ವಿಳಾಸ ಸರಿಸುವ ಕೆಲಸ ಅದೇ ನೋಡಿಕೊಳ್ಳುತ್ತದೆ. ಪೈಥಾನ್‌ನಲ್ಲಿ ಎರಡು ಸಿ++ ಕ್ಲಾಸ್‌ಗಳಿಂದ ಹೊಸ ಕ್ಲಾಸ್ ಮಾಡಿ, ಅದಕ್ಕೆ ಸ್ವಂತ ಇನಿಟ್ (ಆಬ್ಜೆಕ್ಟ್ ಸಿದ್ಧಪಡಿಸುವ ಫಂಕ್ಷನ್) ಬರೆದರೆ, ಬೇಸ್‌ನ ಇನಿಟ್ ಕರೆಯಲು ಬಳಸುವ ಒಂದು ಸೂಪರ್ ಕರೆ ಸಾಲದು. ಪ್ರತಿ ಬೇಸ್‌ನ ಇನಿಟ್ ಬೇರೆ ಬೇರೆಯಾಗಿ ಕರೆಯಬೇಕು. ನಿಮ್ಮ ಮೂರನೇ ಉದಾಹರಣೆ ಎಡವಿದ್ದು ಇಲ್ಲೇ.

ತಿದ್ದಿದ ಪ್ರತಿಯ ಜೊತೆ ಕ್ರ್ಯಾಶ್ ಆಗುವ ಕೋಡನ್ನೂ ಕಳಿಸಿ. ಓಡಿಸಿ ನೋಡಿ ಉತ್ತರ ಬರೆಯುತ್ತೇನೆ.