ಜಂಬ್ರದ ದಿನ ಅಮ್ಮ ಬಿ.ಪಿ. ಮಾತ್ರೆ ಮುಟ್ಟುವುದಿಲ್ಲ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅಮ್ಮನಿಗೆ 72 ವರ್ಷ, ಎಂಟು ವರ್ಷದಿಂದ ಬಿ.ಪಿ. ಮಾತ್ರೆ ಇದೆ. "ತಲೆನೋವಿಲ್ಲ, ತಿರುಗುವುದಿಲ್ಲ, ಮತ್ತೆಂತಕ್ಕೆ ಮಾತ್ರೆ?" ಎಂದು ಆಗಾಗ ಬಿಡುತ್ತಾರೆ. ಜಂಬ್ರಕ್ಕೆ (ಮದುವೆ, ಪೂಜೆಯಂಥ ಸಮಾರಂಭಕ್ಕೆ) ಹೋಗುವ ದಿನವಂತೂ ಮುಟ್ಟುವುದೇ ಇಲ್ಲ. ಮೊನ್ನೆ ನೋಡಿದಾಗ 170/96 ಇತ್ತು. ಹೆದರಿ, ಬಿಟ್ಟದ್ದಕ್ಕೆ ಸೇರಿಸಿ ಎರಡು ಮಾತ್ರೆ ನುಂಗಿದರು. ಏನು ಮಾಡಲಿ?

ಉತ್ತರ: ಮೊದಲಿಗೆ, ಎರಡು ಒಟ್ಟಿಗೆ ಬೇಡವೇ ಬೇಡ. ರಕ್ತದ ಒತ್ತಡ ಥಟ್ಟನೆ ಇಳಿದು, ಏಳುವಾಗ ತಲೆ ತಿರುಗಬಹುದು. ಪಾಚಿ ಹಿಡಿದ ಮಳೆಗಾಲದ ಅಂಗಳದಲ್ಲಿ ಬಿದ್ದು ಸೊಂಟದ ಎಲುಬು ಮುರಿದರೆ ಈ ವಯಸ್ಸಿನಲ್ಲಿ ಏಳುವುದು ಬಹಳ ಕಷ್ಟ. ಮರೆತದ್ದು ಅದೇ ದಿನ ನೆನಪಾದರೆ ತೆಗೆದುಕೊಳ್ಳಲಿ. ಮರುದಿನವಾದರೆ ಹೋದದ್ದು ಹೋಯಿತು, ಆ ದಿನದ್ದು ಒಂದೇ ಸಾಕು.

ಜಂಬ್ರದ ದಿನ ಮಾತ್ರ ತಪ್ಪದೆ ಬಿಡುವುದನ್ನು ಮರೆವು ಎನ್ನಲು ನನಗೆ ಮನಸ್ಸಿಲ್ಲ. ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಮೇಲಿನ ಹೆಸರು ನೋಡಿ. ಹೈಡ್ರೋಕ್ಲೋರೋಥಯಜೈಡ್ ಅಥವಾ ಕ್ಲೋರ್ಥಾಲಿಡೋನ್ ಎಂದಿದ್ದರೆ ಅದು ಮೂತ್ರ ಹೆಚ್ಚಿಸುವ ಮದ್ದು. ತುಂಬಿದ ಜಂಬ್ರದ ಮನೆಯಲ್ಲಿ ಪದೇ ಪದೇ ಬಚ್ಚಲು ಹುಡುಕುವ ಸಂಕೋಚವನ್ನು ಅವರು ಮಗನ ಹತ್ತಿರವಾಗಲಿ ಮಗಳ ಹತ್ತಿರವಾಗಲಿ ಹೇಳಲಿಕ್ಕಿಲ್ಲ. ಮೆಲ್ಲಗೆ ಕೇಳಿ. ಆ ಒಂದು ದಿನ ಮನೆಗೆ ಬಂದ ಮೇಲೆ ತೆಗೆದುಕೊಳ್ಳಬಹುದೇ, ಬೇರೆ ಮದ್ದು ಇದೆಯೇ ಎಂದು ನಿಮ್ಮ ಡಾಕ್ಟರಲ್ಲಿ ವಿಚಾರಿಸಿ. ಆಮ್ಲೋಡಿಪಿನ್ ಎಂಬ ಬಿ.ಪಿ. ಮಾತ್ರೆಯಿಂದ ಪಾದದ ಗಂಟು ಊದಿಕೊಂಡು ಮಾತ್ರೆ ಬಿಟ್ಟವರೂ ಇದ್ದಾರೆ. ಅದಕ್ಕೂ ಪರಿಹಾರವಿದೆ. ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೋನಿಡಿನ್ ಇದ್ದರಂತೂ ತಾವಾಗಿ ನಿಲ್ಲಿಸಬಾರದು, ಒತ್ತಡ ಹಿಂದಿಗಿಂತ ಮೇಲೇರಬಹುದು.

ಬಿ.ಪಿ. ಹೆಚ್ಚಾದರೆ ಬಹುತೇಕರಿಗೆ ಗೊತ್ತೇ ಆಗುವುದಿಲ್ಲ. ನೋವಿಲ್ಲದೆಯೇ ಮೆದುಳು, ಹೃದಯ, ಮೂತ್ರಪಿಂಡದ ನಾಳಗಳು ಹಾಳಾಗುತ್ತವೆ. "ಅಮ್ಮಾ, ಇದು ತಲೆನೋವಿನ ಮಾತ್ರೆಯಲ್ಲ, ಪಕ್ಷವಾತ ಬಾರದ ಹಾಗೆ ಕಾಯುವ ಮಾತ್ರೆ" ಎಂದು ಹೇಳಿ ನೋಡಿ.

ನಮ್ಮ ಕಾಸರಗೋಡಿನದ್ದೇ ಒಂದು ತೊಡಕಿದೆ. ಮದ್ದಿನ ಕವರಿನ ಮೇಲೆ ಮಲಯಾಳದಲ್ಲಿ ಬರೆದುಕೊಟ್ಟರೆ ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರು ಓದುವುದು ಹೇಗೆ? ನೀವೇ ದಪ್ಪ ಅಕ್ಷರದಲ್ಲಿ 'ಬೆಳಗ್ಗೆ ಒಂದು' ಎಂದು ಕನ್ನಡದಲ್ಲಿ ಬರೆದಿಡಿ. ಕಂಪೆನಿ ಬದಲಾಗಿ ಮಾತ್ರೆಯ ಬಣ್ಣ ಬೇರೆಯಾದಾಗಲೂ ಹೇಳಿ. ಇಲ್ಲದಿದ್ದರೆ ಹಳತೂ ಹೊಸತೂ ಎರಡನ್ನೂ ನುಂಗುತ್ತಾರೆ.

ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ. ಉಪ್ಪುಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ಸೊಳೆ), ಉಪ್ಪಿನಕಾಯಿ, ಹಪ್ಪಳವೂ ಆ ಲೆಕ್ಕದಲ್ಲೇ. ಗಂಟುನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತರುತ್ತಾರೆಯೇ ಎಂದೂ ಕೇಳಿ, ಹಲವು ನೋವಿನ ಮಾತ್ರೆಗಳು ಒತ್ತಡ ಏರಿಸುತ್ತವೆ.

ಒಂದು ವಾರ ಬೆಳಗ್ಗೆ ಸಂಜೆ, ಐದು ನಿಮಿಷ ಕೂರಿಸಿ ಅಳೆದು ಪುಸ್ತಕದಲ್ಲಿ ಬರೆಯಿರಿ. ಆ ಪುಸ್ತಕವನ್ನೂ ಅಮ್ಮ ನುಂಗುವ ಎಲ್ಲ ಮಾತ್ರೆಗಳನ್ನೂ ಡಾಕ್ಟರ ಹತ್ತಿರ ಒಯ್ಯಿರಿ. ನಡುವೆ ಬಾಯಿ ಓರೆಯಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಎದೆ ನೋವು ಬಂದರೆ ಪುಸ್ತಕ ಹುಡುಕುತ್ತಾ ನಿಲ್ಲಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.