ಎ 22, ಬಿ 22 ಅಂದ್ರೆ ರಿಡಂಡೆನ್ಸಿ ಅಲ್ಲ ಸರ್

ಸರ್, ನೀವು ಹಾಕಿದ ಡೇಟಾ ಸೆಂಟರ್ ಫೋಟೋ ನೋಡಿ ಎದೆ ಝಲ್ ಅಂದಿತು. ರ‍್ಯಾಕಿಗೆ ಎ, ಬಿ ಅಂತ ಎರಡು ಪಿಡಿಯು (ಸರ್ವರ್‌ಗಳಿಗೆ ಕರೆಂಟ್ ಹಂಚುವ ಪವರ್ ಸ್ಟ್ರಿಪ್), ಎರಡರ ಡಿಸ್‌ಪ್ಲೇ ಮೇಲೂ 22 ಆಂಪ್ಸ್, ಒಂದೊಂದರ ಹಿಂದೆ 32 ಆಂಪ್ಸ್ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಬ್ರೇಕರ್). ಕೆಳಗೆ "ಲೋಡ್ ಸಮ ಹಂಚಿದೆ, ಒಂದು ನಿಮಿಷ ಎ ಆಫ್ ಮಾಡಿ ಟೆಸ್ಟ್ ಕೂಡ ಮಾಡಿದ್ದೇವೆ" ಅಂತ ಬರೆದಿದ್ದೀರಿ. ಆ ಒಂದು ನಿಮಿಷವೇ ಮೋಸ. ರಿಡಂಡೆನ್ಸಿ ಅಂದರೆ ಒಂದು ಸೈಡ್ ಹೋದರೆ ಇನ್ನೊಂದೇ ಪೂರ್ತಿ ಲೋಡ್ ಹೊರಬೇಕು, ಎಷ್ಟು ಹೊತ್ತಾದರೂ.

ನಾನೂ ಇದನ್ನೇ ಮಾಡಿದ್ದೆ. ನಂದು ಎ 23, ಬಿ 21. ಯುಪಿಎಸ್ ಸರ್ವಿಸ್‌ಗೆ ಅಂತ ಎ ಸೈಡ್ ಇಳಿಸಿದೆವು. ಬಿ 44ಕ್ಕೆ ಏರಿತು, ಒಂದು ಸರ್ವರೂ ಮಿಸುಕಲಿಲ್ಲ. "ನೋಡಿದ್ರಾ" ಅಂತ ಬೀಗಿದೆ. ಇಂಜಿನಿಯರ್ ಯುಪಿಎಸ್ ಕವರಿನ ಮೂರನೇ ಸ್ಕ್ರೂ ಬಿಚ್ಚುತ್ತಿದ್ದಾಗ ಹಾಲ್ ಒಳಗಿಂದ ಟಕ್ ಅಂತ ಒಂದೇ ಸದ್ದು. ಆಮೇಲೆ ಫ್ಯಾನುಗಳು ಒಂದೊಂದಾಗಿ ಸೊರಗಿ ನಿಲ್ಲುವ ಸದ್ದು. ಅದನ್ನು ಕೇಳಿದವರಿಗೇ ಗೊತ್ತು.

ಎಂಸಿಬಿ ತಪ್ಪೇನಿಲ್ಲ. ಓವರ್‌ಲೋಡ್‌ಗೆ ಟ್ರಿಪ್ ಆಗಬೇಕಾದರೆ ಒಳಗಿನ ಪಟ್ಟಿ ಬಿಸಿಯಾಗಿ ಬಾಗಬೇಕು. ರೇಟಿಂಗ್‌ನ 1.45 ಪಟ್ಟು ಹರಿದರೂ ಒಂದು ಗಂಟೆಯೊಳಗೆ ಬಿದ್ದರೆ ಸಾಕು ಅನ್ನುತ್ತದೆ ಸ್ಟ್ಯಾಂಡರ್ಡ್. ನಿಮ್ಮ 44 ಅಂದರೆ 1.37 ಪಟ್ಟು. ಐದು ನಿಮಿಷವೋ ನಲವತ್ತು ನಿಮಿಷವೋ, ಹೇಳಕ್ಕಾಗಲ್ಲ. ಹಾಟ್ ಐಲ್ (ಸರ್ವರ್‌ಗಳ ಬಿಸಿ ಗಾಳಿ ಹೊರಬರುವ ಸಾಲು) ಕಡೆ ಕೂತಿದ್ದರೆ ಇನ್ನೂ ಬೇಗ.

ನನ್ನ ಲೆಕ್ಕ ಇಷ್ಟೇ: ಎ ಮತ್ತು ಬಿ ಕೂಡಿಸಿದ್ದು ಒಂದು ಬ್ರೇಕರ್‌ನ 80% ದಾಟಬಾರದು. 32ಕ್ಕೆ 25.6, ಅಂದರೆ ಸೈಡಿಗೆ 12.8. ತ್ರೀ ಫೇಸ್ ಆದರೆ ಫೇಸಿಗೊಂದು ಲೆಕ್ಕ, ಟೋಟಲ್ ನೋಡಿ ಸಮಾಧಾನ ಪಡಬೇಡಿ. ಪಿಡಿಯುಗೆ ಕರೆಂಟ್ ಕೊಡುವ ಯುಪಿಎಸ್‌ಗೂ ಇದೇ ಲೆಕ್ಕ. ಜಿಪಿಯು ರ‍್ಯಾಕ್ ಇದ್ದರೆ ಸರಾಸರಿ ಬಿಟ್ಟು ಪೀಕ್ ತಗೊಳ್ಳಿ. ಇನ್ನೊಂದು, ಡೆಲ್‌ನ ಹಾಟ್ ಸ್ಪೇರ್, ಎಚ್‌ಪಿಇಯ ಹೈ ಎಫಿಶಿಯೆನ್ಸಿ ಮೋಡ್ ಆನ್ ಇದ್ದರೆ ಲೋಡ್ ಸರ್ವರಿನ ಎರಡು ಪಿಎಸ್‌ಯು (ಪವರ್ ಸಪ್ಲೈ) ಪೈಕಿ ಒಂದರ ಕಡೆ ವಾಲುತ್ತದೆ. ಆಗ ಸೈಡ್ ಅಂಕಿ ನಂಬಬೇಡಿ, ಮೊತ್ತ ನೋಡಿ. ನಾನಂತೂ ಅದನ್ನು ಆಫ್ ಮಾಡಿಬಿಡುತ್ತೇನೆ.

ಲೋಡ್ ಇಳಿಸಿದ ಮೇಲೆ ಟೆಸ್ಟ್ ಮಾಡುವುದಾದರೆ ಪೂರ್ತಿ ಒಂದು ಗಂಟೆ ಮಾಡಿ, ಬಿ ಟರ್ಮಿನಲ್‌ಗಳ ಮೇಲೆ ಥರ್ಮಲ್ ಕ್ಯಾಮೆರಾ ಹಿಡಿದು. ಕಾಮೆಂಟಲ್ಲಿ ಪಿಡಿಯು ಬ್ರ್ಯಾಂಡ್ ಬಗ್ಗೆ ಜಗಳ ಆಡ್ತಿರೋರಿಗೂ ಒಂದು ಮಾತು: ನನಗೆ ರಾರಿಟನ್ ಇಷ್ಟ, ಆದರೆ ಪ್ಲಗ್ ಹಿಡಿದಿಡುವ ಲಾಕಿಂಗ್ ಪವರ್ ಕೇಬಲ್ ಹಾಕದಿದ್ದರೆ ಎಲ್ಲಾ ಒಂದೇ. ಕೈ ತಾಗಿದರೆ ಕಳಚುತ್ತೆ.

ಎರಡು ಐಎಸ್‌ಪಿ (ಇಂಟರ್ನೆಟ್ ಕಂಪನಿ) ಇದೆ ಅಂದಿರಲ್ಲ, ಅದೂ ಇದೇ ಜಾತಿ ತಪ್ಪಾಗಿರಬಹುದು. ಇಬ್ಬರ ಫೈಬರ್ ಕಟ್ಟಡದೊಳಕ್ಕೆ ಒಂದೇ ಡಕ್ಟ್‌ನಲ್ಲಿ ಬರುತ್ತಿದ್ದರೆ ಒಂದು ಜೆಸಿಬಿ ಸಾಕು. ಬಾಯಿಮಾತು ಬೇಡ, ರೂಟ್‌ನ ಕೆಎಂಝಡ್ (ಮ್ಯಾಪ್) ಫೈಲ್ ಕೇಳಿ, ಒಂದರ ಮೇಲೊಂದು ಇಟ್ಟು ನೋಡಿ. ಡಿಜಿಯನ್ನು (ಡೀಸೆಲ್ ಜನರೇಟರ್) ತಿಂಗಳಿಗೊಮ್ಮೆ ಸುಮ್ನೆ ಖಾಲಿ ಓಡಿಸುವುದೂ ಬೇಡ. ಕನಿಷ್ಠ 30% ಲೋಡ್ ಇಲ್ಲದಿದ್ದರೆ ಸುಡದ ಡೀಸೆಲ್ ಎಕ್ಸಾಸ್ಟ್‌ನಲ್ಲಿ ಕಟ್ಟುತ್ತದೆ.

ಪಿಯುಇ (ಒಟ್ಟು ಕರೆಂಟನ್ನು ಸರ್ವರ್ ಮುಂತಾದ ಐಟಿ ಸಾಮಾನು ತಿನ್ನುವ ಕರೆಂಟಿನಿಂದ ಭಾಗಿಸಿದ ಅಂಕಿ) 1.25 ಬಂತು ಅಂತ ಖುಷಿಪಟ್ಟಿದ್ದೀರಿ, ಒಳ್ಳೆಯದೇ. ಕೂಲಿಂಗ್ ಟವರ್ ಕುಡಿಯುವ ನೀರು ಆ ಅಂಕಿಯಲ್ಲಿ ಕಾಣಲ್ಲ, ಅದನ್ನೂ ಲೀಟರ್ ಲೆಕ್ಕದಲ್ಲಿ ಬರೆದಿಡಿ. 20 ಡಿಗ್ರಿ ಸೆಟ್ ಮಾಡಿ ಹಾಲ್ ನಡುಗಿಸುವುದೂ ಜಾಸ್ತಿಯಾಯಿತು. ಸರ್ವರ್ ಇನ್‌ಲೆಟ್‌ಗೆ (ಒಳಗೆ ಹೋಗುವ ಗಾಳಿಗೆ) ಅಮೆರಿಕದ ಎಸಿ ಇಂಜಿನಿಯರ್‌ಗಳ ಸಂಘ ಆಶ್ರೇ ಹೇಳುವುದು 18ರಿಂದ 27. ಮೊದಲು ಖಾಲಿ ಜಾಗ ಮುಚ್ಚುವ ಬ್ಲ್ಯಾಂಕಿಂಗ್ ಪ್ಯಾನೆಲ್ ಹಾಕಿ, ಫೋಟೋದಲ್ಲಿ ನಾಲ್ಕು ಕಡೆ ಬಾಯಿ ಬಿಟ್ಟುಕೊಂಡಿದೆ. ಆಮೇಲೆ ಒಂದೊಂದೇ ಡಿಗ್ರಿ ಏರಿಸಿ.

ಆ ರ‍್ಯಾಕಿನ ಫೇಸ್‌ವಾರು ರೀಡಿಂಗ್ ಇಲ್ಲಿ ಹಾಕಿ, ಯಾವ ಸರ್ವರ್ ಎತ್ತಬೇಕು ಅಂತ ಕೂತು ನೋಡೋಣ. ಅಲ್ಲಿವರೆಗೆ ಎ ಸೈಡ್ ಮುಟ್ಟಬೇಡಿ.