ಜಮೈಕಾದ ಜೇಮ್ಸ್ ಬೆಕ್‌ಫರ್ಡ್ ಲಾಂಗ್ ಜಂಪ್ (ಉದ್ದ ಜಿಗಿತ), ಟ್ರಿಪಲ್ ಜಂಪ್ (ಮೂರು ಹಂತದ ಜಿಗಿತ) ಎರಡರಲ್ಲೂ ಅಷ್ಟು ಒಳ್ಳೆಯ ಆಟಗಾರರಾಗಿದ್ದರಾ?

ಹೌದು, ಎರಡರಲ್ಲೂ. ಹೆಸರು ತಂದುಕೊಟ್ಟಿದ್ದು ಲಾಂಗ್ ಜಂಪ್, ಆದರೆ ನನ್ನನ್ನು ಜಾಸ್ತಿ ಬೆರಗಾಗಿಸುವುದು ಅವರ ಟ್ರಿಪಲ್ ಜಂಪ್. 1995ರ ಮೇನಲ್ಲಿ, ಇಪ್ಪತ್ತರ ವಯಸ್ಸಿನಲ್ಲೇ, ಅಮೆರಿಕದ ಟೆಕ್ಸಾಸ್‌ನಲ್ಲಿ 17.92 ಮೀಟರ್ ಹಾರಿದರು. ಆಗಿನ್ನೂ ವಿಲ್ಲಿ ಬ್ಯಾಂಕ್ಸ್ ಅವರ 17.97 ಮೀಟರೇ ವಿಶ್ವದಾಖಲೆ. ಬರೀ 5 ಸೆಂಟಿಮೀಟರ್ ಕಡಿಮೆ! ಎರಡೇ ತಿಂಗಳಲ್ಲಿ ಬ್ರಿಟನ್‌ನ ಜೊನಾಥನ್ ಎಡ್ವರ್ಡ್ಸ್ ಆ ದಾಖಲೆ ಮುರಿದರು, ಆಗಸ್ಟ್‌ನಲ್ಲಿ 18 ಮೀಟರನ್ನೂ ದಾಟಿದರು. ಆ ಸದ್ದಿನಲ್ಲಿ ಬೆಕ್‌ಫರ್ಡ್ ಸಾಧನೆ ಮರೆಯಾಯಿತು.

ದೊಡ್ಡ ಪದಕಗಳು ಬಂದಿದ್ದು ಲಾಂಗ್ ಜಂಪ್‌ನಲ್ಲಿ. 1995ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕ್ಯೂಬಾದ ಇವಾನ್ ಪೆಡ್ರೊಸೊ ಹಿಂದೆ ಬೆಳ್ಳಿ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 8.29 ಮೀಟರ್ ಹಾರಿ ಮತ್ತೆ ಬೆಳ್ಳಿ. ಅಲ್ಲಿ ಚಿನ್ನ ಗೆದ್ದವರು ಕಾರ್ಲ್ ಲೂಯಿಸ್, ಅದು ಅವರ ಸತತ ನಾಲ್ಕನೇ ಲಾಂಗ್ ಜಂಪ್ ಚಿನ್ನ. ಅಂಥವರ ಪಕ್ಕ ನಿಲ್ಲುವುದು ಸಣ್ಣ ಮಾತಲ್ಲ, ಅಲ್ವಾ? 2003ರಲ್ಲಿ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಚಿನ್ನ 4 ಸೆಂಟಿಮೀಟರಿನಲ್ಲಿ ಕೈತಪ್ಪಿತು.

1997ರಲ್ಲಿ ಅವರು ಹಾರಿದ 8.62 ಮೀಟರ್ 2019ರವರೆಗೂ ಜಮೈಕಾದ ದಾಖಲೆಯಾಗಿತ್ತು. ಅದನ್ನು ಮುರಿಯಲು ಜಮೈಕಾದವರೇ ಆದ ಟಜೇ ಗೇಲ್ 8.69 ಹಾರಬೇಕಾಯಿತು. ಆ ಹಾರಾಟ ಗೇಲ್‌ಗೆ ವಿಶ್ವ ಚಾಂಪಿಯನ್ ಪಟ್ಟವನ್ನೇ ತಂದುಕೊಟ್ಟಿತು.